ತಾತನ ಪೆಟ್ಟಿಗೆಯ ತೊಗಲುಗೊಂಬೆ: ಮಾರೋದಾ, ರಿಪೇರಿ ಮಾಡೋದಾ, ಹೊಸದು ಕೊರೆಯೋದಾ?

ಪಾವಗಡದವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕು, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ತುಮಕೂರಿನಲ್ಲಿ ಚಿತ್ರಕಲೆ ಪದವಿ ಓದುತ್ತಿದ್ದೀನಿ, ಇದು ಕೊನೇ ವರ್ಷ. ನಾವು ಶಿಳ್ಳೇಕ್ಯಾತರು, ತೊಗಲುಗೊಂಬೆ ಆಡಿಸೋ ಕುಲದವರು. ಊರಲ್ಲಿ ಕಿಳ್ಳೇಕ್ಯಾತರು ಅಂತಾರೆ, ಯಾರನ್ನಾದರೂ ಆಡಿಕೊಳ್ಳೋಕೂ ಅದೇ ಹೆಸರು. ಸ್ಕೂಲಲ್ಲಿ ನನಗೂ ಆಗಿದೆ, ಅದು ಬಿಡಿ. ಮನೇಲಿ ಆಡೋದು ಮರಾಠಿ ಥರದ ಮಾತು, ಬೀದೀಲಿ ತೆಲುಗು, ಸ್ಕೂಲಲ್ಲಿ ಕನ್ನಡ. ತಾತ ನಮ್ಮ ಕಡೆ ಹಳ್ಳಿಗಳಲ್ಲಿ ಕನ್ನಡದಲ್ಲಿ ಆಟ ಆಡಿಸ್ತಿದ್ದರು, ಗಡಿ ದಾಟಿದರೆ ತೆಲುಗಲ್ಲಿ.

ತಾತ ತೀರಿಕೊಂಡು ವರ್ಷಗಳಾದವು. ಅಪ್ಪ ಆಟಕ್ಕೆ ಕೈ ಹಾಕಲೇ ಇಲ್ಲ. ಮೊದಲು ಕೆರೆಗಳಲ್ಲಿ ಬಲೆ ಬೀಸಿ ಮೀನು ಹಿಡೀತಿದ್ದರು. ಕೆರೇಲಿ ನೀರಿಲ್ಲದ ವರ್ಷಗಳೇ ಹೆಚ್ಚಾದ ಮೇಲೆ ಅದೂ ನಿಂತುಹೋಯ್ತು. ಈಗ ತಿರುಮಣಿ ಸೋಲಾರ್ ಪಾರ್ಕಲ್ಲಿ ಪ್ಯಾನೆಲ್ ತೊಳೆಯೋ ಕೆಲಸ. ಹದಿಮೂರು ಸಾವಿರ ಎಕರೆ ಗಾಜು, ತೊಳೆದಷ್ಟೂ ಧೂಳು ಅಂತಾರೆ.

ದಸರಾ ರಜೇಲಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಅಜ್ಜಿ ಊದುಬತ್ತಿ ಹಚ್ಚಿದ ಮೇಲೇ ಮುಚ್ಚಳ ತೆಗೆಯೋಕೆ ಬಿಟ್ಟಿದ್ದು. ಎಲ್ಲಕ್ಕಿಂತ ಮೇಲೆ ಗಣಪತಿ, ಶಾರದೆ. ರಾಮನ ಕಡೆಯವರು ಒಂದು ಕಟ್ಟು, ರಾವಣನ ಕಡೆಯವರು ಬೇರೆ ಕಟ್ಟು, ಒಬ್ಬರ ಮೇಲೊಬ್ಬರನ್ನು ಇಡೋ ಹಾಗಿಲ್ಲವಂತೆ. ಆಟದಲ್ಲಿ ನಗಿಸೋ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಇಬ್ಬರೂ ಒಂದು ಹಳೇ ಸೀರೆ ತುಂಡಲ್ಲಿ. ಕೆಲವು ಗೊಂಬೆ ಹಪ್ಪಳದ ಹಾಗೆ ಸೆಟೆದುಕೊಂಡಿವೆ. ಹುಳ ತಿಂದಿದೆ, ಕೈಕಾಲು ಕಟ್ಟಿದ್ದ ದಾರ ಹರಿದಿದೆ, ಕೆಂಪು ಬಣ್ಣ ಪೂರ್ತಿ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿದೆ. ಕಪ್ಪು ಗೆರೆಗಳು ಮಾತ್ರ ಉಳಿದಿವೆ. ತುಂಬ ದಪ್ಪ ಗೆರೆ, ಸ್ವಲ್ಪ ಒರಟು ಅನ್ನಿಸ್ತು. ಒಂದೇ ಒಂದು ಚೆನ್ನಾಗಿ ಉಳಿದಿರೋದು ಅಶೋಕವನ. ಒಂದೇ ತೊಗಲಲ್ಲಿ ಇಡೀ ವನ: ನಡುವೆ ಮರ, ಬುಡದಲ್ಲಿ ಸೀತೆ, ಸುತ್ತ ರಾಕ್ಷಸಿಯರು, ಕೊಂಬೇಲಿ ಬಾಲ ಸುತ್ತಿಕೊಂಡ ಹನುಮಂತ.

ಈಗ ತಕರಾರು ಏನಂದ್ರೆ, ಬೆಂಗಳೂರಿಂದ ಒಬ್ಬರು ಬಂದು ಪೆಟ್ಟಿಗೆ ಸಮೇತ ತಗೋತೀನಿ, ಫಾರಿನ್ ಗಿರಾಕಿಗಳಿಗೆ ಹಳೇದೇ ಬೇಕು ಅಂದರು. ಅಪ್ಪ ಕೊಟ್ಟುಬಿಡೋಣ ಅಂತಾರೆ, ತಂಗಿ ನರ್ಸಿಂಗ್ ಫೀಸು ಕಟ್ಟಬೇಕು. ಅಜ್ಜಿ ಹೇಳೋದು, ಹರಿದ ಗೊಂಬೆನ ಹರಿಯೋ ನೀರಿಗೆ ಬಿಡೋದು ನಮ್ಮ ಪದ್ಧತಿ, ಸಂತೆಗೆ ಬಿಡೋದಲ್ಲ ಅಂತ. ನನಗೆ ಎರಡೂ ಬೇಡ. ನಾನು ಕಲಿಯಬೇಕು. ಕಾಲೇಜಲ್ಲಿ ಕೊನೇ ಪ್ರಾಜೆಕ್ಟಿಗೆ ತೊಗಲುಗೊಂಬೆ ಮಾಡ್ತೀನಿ ಅಂದರೆ ನಮ್ಮ ಲೆಕ್ಚರರ್, "ಅದು ಕರಕುಶಲ ಕಣಮ್ಮ, ನಿಂದು ಅಂತ ಏನಾದರೂ ಮಾಡು" ಅಂದರು. ನಂದು ಅಂತ ಪೇಪರ್ ಮೇಲೆ ಒಂದಷ್ಟು ಬರೆದಿದ್ದೀನಿ: ಪ್ಯಾನೆಲ್ ತೊಳೆಯೋ ಅಪ್ಪ, ಟ್ಯಾಂಕರ್ ಮುಂದೆ ಕೊಡಗಳ ಸಾಲು, ಬೋರ್‌ವೆಲ್ ಲಾರಿ ಮುಂದೆ ಕೈ ಮುಗಿದು ನಿಂತವರು. ಅದನ್ನ ತೊಗಲಿನ ಮೇಲೆ ಕೊರೆದರೆ ತಾತನ ಕಲೆ ಕೆಡಿಸಿದ ಹಾಗಾಗುತ್ತಾ? ಹಳೇ ಗೊಂಬೆಗೆ ಮತ್ತೆ ಬಣ್ಣ ಹಾಕಬಹುದಾ? ಗೊತ್ತಿರೋರು ಹೇಳಿ.

ಶಿರಾ ಕಡ್ಲೆಕಾಯಿ

ಸಿಸ್ಟರ್, ನಮ್ಮಣ್ಣನ ಸ್ಟುಡಿಯೋದಲ್ಲಿ ದೊಡ್ಡ ಸೈಜ್ ಲ್ಯಾಮಿನೇಷನ್ ಮಷಿನ್ ಇದೆ. ಹಾಕಿಸಿಬಿಟ್ಟರೆ ಹುಳಾನೂ ಬರಲ್ಲ, ತೇವಾನೂ ತಾಗಲ್ಲ, ನೂರು ವರ್ಷ ಇರುತ್ತೆ. ಒಂದೆರಡು ಒಳ್ಳೇದು ಫ್ರೇಮ್ ಹಾಕ್ಸಿ ಇಟ್ಕೊಂಡು ಉಳಿದದ್ದು ಮಾರಿ. ಫೀಸು ಕಟ್ಟೋದು ಮುಖ್ಯ ಅಲ್ವಾ.

ಒಣಕುಂಚ

ದಯವಿಟ್ಟು ಲ್ಯಾಮಿನೇಷನ್ ಮಾತ್ರ ಬೇಡ, ಕೈ ಮುಗೀತೀನಿ. ನಾನು ಗೌರಿಬಿದನೂರಿನವಳು, ಬೆಂಗಳೂರಿನಲ್ಲಿ ಹಳೇ ಚಿತ್ರ, ಕಾಗದ, ಚರ್ಮ ಇವುಗಳ ಸಂರಕ್ಷಣೆ ಕೆಲಸ ಮಾಡ್ತೀನಿ. ಗೊಂಬೆಗೆ ಬಳಸೋದು ಹದ ಮಾಡದ ತೊಗಲು. ಚಪ್ಪಲಿ, ಚೀಲದ ಚರ್ಮದಂತೆ ಹದ ಮಾಡಿದರೆ ಬೆಳಕು ಆಚೆ ದಾಟೋದಿಲ್ಲ. ಅದಕ್ಕೇ ಕೂದಲು ಕೆರೆದು, ಎಳೆದು ಕಟ್ಟಿ ಒಣಗಿಸಿ ಹಾಗೇ ಬಿಡ್ತಾರೆ. ಅಂಥ ತೊಗಲು ಮಳೆಗಾಲದಲ್ಲಿ ತೇವ ಕುಡಿದು ಹಿಗ್ಗುತ್ತೆ, ಬೇಸಿಗೇಲಿ ಕುಗ್ಗುತ್ತೆ, ಬಿಸಿ ತಗುಲಿದರೆ ಮುದುರಿಕೊಂಡು ಗಟ್ಟಿಯಾಗುತ್ತೆ. ಲ್ಯಾಮಿನೇಷನ್ ಯಂತ್ರದ ಶಾಖಕ್ಕೆ ಸಿಕ್ಕಿದರೆ ಮತ್ತೆ ಬಿಡಿಸೋಕೇ ಆಗಲ್ಲ. ನಿಮ್ಮ ಗೊಂಬೆ ಸೆಟೆದಿರೋದಕ್ಕೂ ಅಟ್ಟದ ಕಾವೇ ಕಾರಣ ಇರಬೇಕು. ಮೊದಲು ಪೆಟ್ಟಿಗೆನ ನೆರಳಿನ ಕೋಣೆಗೆ ತನ್ನಿ.

ನೀರಲ್ಲಿ ಒರೆಸಬೇಡಿ, ಬಣ್ಣ ಕರಗುತ್ತೆ. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದು ಕ್ರಮೇಣ ಹಳದಿಗಟ್ಟಿ ಧೂಳು ಹಿಡಿಯುತ್ತೆ. ಮೆತ್ತನೆ ಕುಂಚದಲ್ಲಿ ಧೂಳು ಕೊಡವಿ, ತೊಳೆದು ಒಣಗಿಸಿದ ಹಳೇ ಕಾಟನ್ ಪಂಚೆ ನಡುವೆ ಇಟ್ಟು ಚಪ್ಪಟೆಯಾಗಿ ಮಲಗಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಒಳಗೇ ಬೂಷ್ಟು ಬರುತ್ತೆ. ಗೊಂಬೆ ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಹುಳ ಇನ್ನೂ ಇದೆ ಅಂತ ಅರ್ಥ, ಅಂಥವನ್ನು ಉಳಿದವುಗಳಿಂದ ದೂರ ಇಡಿ. ಸೆಲ್ಲೋಟೇಪು, ಫೆವಿಕಾಲ್ ಎರಡೂ ಮುಟ್ಟಿಸಬೇಡಿ. ಮತ್ತೆ ಬಣ್ಣ ಹಾಕೋ ಯೋಚನೆ ಸದ್ಯ ಬಿಡಿ. ಹಾಕಿದ ಬಣ್ಣ ತೆಗೆಯೋಕಾಗಲ್ಲ. ಪ್ರತಿ ಗೊಂಬೆಯ ಎರಡೂ ಬದಿ ಫೋಟೋ ತೆಗೆದಿಡಿ. ಹಿಂದಿನಿಂದ ಬೆಳಕು ಬಿಟ್ಟು ಇನ್ನೊಂದು ಫೋಟೋ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲೇ ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ, ಅಶೋಕವನವನ್ನಾದರೂ ಅಲ್ಲಿ ತೋರಿಸಿ. ಪರಿಷತ್ತಿನಲ್ಲೇ ಅದನ್ನು ಕಟ್ಟಿದ ಎಂ. ಎಸ್. ನಂಜುಂಡರಾವ್ ಅವರ ಕಾಲದಲ್ಲಿ ಕೂಡಿಸಿದ ತೊಗಲುಗೊಂಬೆಗಳ ಸಂಗ್ರಹ ಇದೆ, ಅದನ್ನೂ ಒಮ್ಮೆ ನೋಡಿ ಬನ್ನಿ. ನಿಮ್ಮ ತಾತನ ಕೈ ಯಾರ ಕೈಗೆ ಹತ್ತಿರ ಅಂತ ನಿಮಗೇ ತಿಳಿಯುತ್ತೆ.

ಇನ್ನು ಕೊಳ್ಳೋಕೆ ಬಂದವರ ವಿಷಯ. ಹಿಂದೆ ದೇವರ ಗೊಂಬೆಗಳನ್ನು ಜಿಂಕೆ ತೊಗಲಲ್ಲಿ ಮಾಡ್ತಿದ್ದರು. ನಿಮ್ಮ ಪೆಟ್ಟಿಗೇಲಿ ಅಂಥದಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮಾರೋ ಹಾಗಿಲ್ಲ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸೋದನ್ನ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತೆ, ಅದೂ 1972ರದ್ದೇ. ಆ ಮನುಷ್ಯನಿಗೆ ಇದು ಗೊತ್ತಿಲ್ಲದೆ ಇರೋದಿಲ್ಲ. ಸಿಕ್ಕಿಬಿದ್ದರೆ ಕಾಗದದ ಮೇಲೆ ಮಾರಿದವರು ನೀವು.

ಪಾವಗಡದವಳು

ಥ್ಯಾಂಕ್ಸ್ ಅಕ್ಕಾ. ಜಿಂಕೆ ವಿಷಯ ಅಜ್ಜೀನ ಕೇಳಿದೆ. ರಾಮ, ಕೃಷ್ಣ ಎರಡೂ ಜಿಂಕೆದೇ, ತಾತನ ಅಪ್ಪ ಮಾಡಿದ್ದು ಅಂದರು. ಅಪ್ಪನಿಗೆ ಕಾನೂನು ಹೇಳಿದ ಮೇಲೆ ಆ ಬೆಂಗಳೂರಿನವರ ಫೋನ್ ಎತ್ತುತಿಲ್ಲ. ಫೀಸಿನ ಮಾತು ಹಾಗೇ ಇದೆ. ಕಲಿಯೋದರ ಬಗ್ಗೆ ಯಾರಾದರೂ ಹೇಳ್ತೀರಾ?

ಮಧುಗಿರಿ ಬೊಂಬೆಯವ

ತಾಯಿ, ನಾನೂ ನಿಮ್ಮ ಪೈಕೀನೇ. ಮಧುಗಿರಿ ಸೀಮೆ. ಅರವತ್ತು ದಾಟ್ತು. ಹೇಳ್ತಿರೋದು ನಾನು, ಫೋನ್ ಒತ್ತುತಿರೋದು ಮೊಮ್ಮಗ. ಕಾಗುಣಿತ ತಪ್ಪಿದ್ರೆ ಅವನ ಕಿವಿ ಹಿಂಡು.

ಆ ಹೆಣ್ಮಗಳು ಹೇಳಿದ್ದೆಲ್ಲ ಸರಿ ಐತೆ. ಆದ್ರೆ ನಿನ್ನ ಮಾತು ಕೇಳಿದ್ರೆ ನೀನು ಗೊಂಬೆನ ಹಗಲೊತ್ತು ನೆಲದ ಮೇಲೆ ಹಾಸಿ ನೋಡಿದೀಯ ಅಂತ ತಿಳೀತದೆ. ಕೆಂಪು ಮಾಸೈತೆ, ಗೆರೆ ದಪ್ಪ, ಒರಟು ಅಂದಿದೀಯ. ನಿಮ್ಮ ತಾತ ಅದನ್ನ ನೆಲದ ಮೇಲೆ ನೋಡ್ಲಿ ಅಂತ ಮಾಡ್ಲಿಲ್ಲ. ರಾತ್ರಿ ಕರೆಂಟ್ ಆರ್ಸು. ಬಾಗಿಲಿಗೆ ಅಡ್ಡ ಬಿಳೀ ಪಂಚೆ ಬಿಗಿಯಾಗಿ ಕಟ್ಟು. ಹಿಂದೆ ಒಂದು ದೀಪ ಇಟ್ಟು ನಿನ್ನ ತಂಗಿ ಕೈಲಿ ಗೊಂಬೆನ ಪಂಚೆಗೆ ಒತ್ತಿ ಹಿಡಿಸು. ನೀನು ಈ ಕಡೆ ದೂರ ಕೂತ್ಕೊಂಡು ನೋಡು. ಅಮೇಲೆ ಕೆಂಪು ಮಾಸೈತಾ ಇಲ್ವಾ ಹೇಳು. ಆ ಗೆರೆ ಅಷ್ಟು ದಪ್ಪ ಇಲ್ದಿದ್ರೆ ಬಯಲಲ್ಲಿ ಹಿಂದ್ಗಡೆ ಕೂತ ಮುದುಕನಿಗೆ ಸೀತೆ ಯಾವ್ದು ಮರ ಯಾವ್ದು ತಿಳಿಯಲ್ಲ. ಮೂಗುತಿ, ಸರ, ಡಾಬು ಯಾವುದನ್ನೂ ಬಣ್ಣದಲ್ಲಿ ಬರೆದಿರಲ್ಲ, ತೂತು ಹೊಡೆದಿರ್ತಾರೆ. ಒಡವೆ ಅಂದ್ರೆ ನಮಗೆ ಬೆಳಕೇ.

ನಿಮ್ಮ ಕಾಲೇಜ್ನೋರು ಕರಕುಶಲ ಅಂದ್ರಂತೆ. ಅನ್ಲಿ. ಅವರನ್ನ ಒಂದಿನ ಪಂಚೆ ಮುಂದೆ ಕೂರ್ಸು.

ಕಲಿಯೋ ದಾರಿ ಹೇಳ್ತೀನಿ. ಮೊದ್ಲು ತೊಗಲು. ಎಳೇ ಆಡಿಂದು ಒಳ್ಳೇದು, ತೆಳ್ಳಗಿರ್ತದೆ, ಬೆಳಕು ಚೆನ್ನಾಗಿ ಬಿಡ್ತದೆ. ಮುದಿ ಹೋತದ್ದು ತಂದ್ರೆ ಕೆರೆದೂ ಕೆರೆದೂ ಮೊಣಕೈ ಬಿದ್ದೋಯ್ತದೆ. ಬೆಚ್ಚಗಿನ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ಒಳಗಡೆ ಅಂಟಿರೋ ಮಾಂಸದ ಪೊರೆ ಪೂರ್ತಿ ತೆಗೀಬೇಕು. ಪೊರೆ ಉಳಿದ ಜಾಗ ದೀಪದ ಮುಂದೆ ಮೋಡ ಕವಿದಂಗೆ ಕಪ್ಪಾಗಿ ಕಾಣ್ತದೆ. ಅಮೇಲೆ ಸುತ್ತ ತೂತು ಹೊಡೆದು ದಾರ ಕಟ್ಟಿ ಚೌಕಟ್ಟಿಗೆ ಎಳೆದು ಬಿಗೀಬೇಕು, ನೆರಳಲ್ಲಿ ಒಣಗಿಸ್ಬೇಕು. ಬಿಸಿಲಲ್ಲಿ ಇಟ್ಟೆ ಅಂದ್ರೆ ನಡುವೆ ಸೀಳಿ ಬಿಡ್ತದೆ. ಇದೆಲ್ಲ ವಾಸ್ನೆ ಕೆಲಸ, ಹಾಸ್ಟೆಲ್ಲಲ್ಲಿ ಮಾಡ್ಬೇಡ, ಓಡಿಸ್ತಾರೆ.

ಎರಡನೇದು ಉಳಿ. ಗೊಂಬೆಗೆ ಕೈ ಹಾಕಬೇಡ ಇನ್ನೂ. ಚೂರುಪಾರು ತೊಗಲು ತಗೊಂಡು ಮರದ ಕೊರಡಿನ ಮೇಲಿಟ್ಟು ಬರೀ ಅಂಚು ಕೊರೀತಾ ಹೋಗು: ದುಂಡು ತೂತು, ಹನಿ ತೂತು, ಅರ್ಧಚಂದ್ರ. ಎರಡು ತೂತಿನ ನಡುವೆ ಉಳಿಯೋ ತೊಗಲೇ ಗೊಂಬೆಗೆ ಜೀವ. ಅದು ತೀರ ಸಣ್ಣ ಆದ್ರೆ ಆಡಿಸುವಾಗ ಹರೀತದೆ, ದಪ್ಪ ಆದ್ರೆ ಒಡವೆ ಕಾಣಲ್ಲ. ಅಶೋಕವನದ ಎಲೆ ಎಲ್ಲ ಲೆಕ್ಕ ಹಾಕಿ ಕೊರೆದಿರ್ತಾನೆ ನಿಮ್ಮ ತಾತ. ಎಲ್ಲೋ ಒಂದು ಕಡೆ ಸೀತೆ ಮುಡಿ ಮರದ ಬುಡಕ್ಕೆ ತಾಗಿರ್ತದೆ, ರಾಕ್ಷಸಿ ಮೊಣಕೈ ಕೊಂಬೆಗೆ ತಾಗಿರ್ತದೆ. ನೋಡೋರಿಗೆ ಅದು ಬೇರೆ ಬೇರೆ, ನಮಗೆ ಅದೇ ಹಿಡಿತ. ಇಡೀ ದೃಶ್ಯ ಒಂದೇ ತೊಗಲಲ್ಲಿ ಕೂರ್ಸೋದು ನಮ್ಮ ಕಡೆ ಕೈಚಳಕ. ಆಂಧ್ರದೋರು ಒಂದೊಂದೇ ಪಾತ್ರ ಆಳೆತ್ತರ ಮಾಡ್ತಾರೆ, ಕೈಕಾಲು ಕುತ್ತಿಗೆ ಎಲ್ಲ ಆಡ್ತವೆ. ನಮ್ಮ ಚಿಕ್ಕ ಗೊಂಬೆಗಳಲ್ಲಿ ಎಷ್ಟೋ ಕಡೆ ಒಂದೇ ಕೈ ಆಡೋದು. ಒಂದೇ ಕೈಯಲ್ಲಿ ಅಳಿಸ್ಬೇಕು, ನಗಿಸ್ಬೇಕು.

ಬಣ್ಣ ಕೊನೇಗೆ. ಎರಡೂ ಕಡೆ ಹಾಕ್ಬೇಕು. ಪ್ರತಿ ಸಲ ಬಲ್ಬಿಗೆ ಹಿಡಿದು ನೋಡಿ ಹಾಕ್ಬೇಕು, ಟೇಬಲ್ ಮೇಲೆ ಚೆನ್ನಾಗಿ ಕಂಡ ಬಣ್ಣಾನ ನಂಬಬೇಡ. ಹಳದಿ ಹೆಚ್ಚು ಬೇಕಿಲ್ಲ, ತೊಗಲಿಗೇ ಹಳದಿ ಐತೆ.

ಈಗ ಕೆಡಿಸ್ದಂಗಾಗ್ತದಾ ಅಂದ್ಯಲ್ಲ. ನಮ್ಮಪ್ಪ ಹರಳೆಣ್ಣೆ ದೀಪದಲ್ಲಿ ಆಡಿಸ್ದೋನು. ಆ ಬೆಳಕು ಅಲ್ಲಾಡ್ತದೆ, ಗೊಂಬೆ ಸುಮ್ನೆ ನಿಂತಿದ್ರೂ ಆಡಿಸ್ದಂಗೇ ಕಾಣೋದು. ಪೆಟ್ರೋಮ್ಯಾಕ್ಸ್ ಬಂತು. ಬೆಳಕು ಜೋರಾಗಿ ತೆಳು ಬಣ್ಣ ಎಲ್ಲ ಹಾರಿಹೋಯ್ತು, ಅಪ್ಪ ಎರಡೆರಡು ಸಲ ಬಳಿಯೋಕೆ ಶುರು ಮಾಡ್ದ. ಅಮೇಲೆ ಬಲ್ಬು. ಈಗ ಎಲ್‌ಇಡಿ, ಬಿಳೀ ಬೆಳಕಿಗೆ ಕೆಂಪು ಸಪ್ಪೆ ಕಾಣ್ತದೆ, ನಾನು ಹಳದಿ ಬೆಳಕಿಂದೇ ಹುಡುಕಿ ತರ್ತೀನಿ. ಕತೆನೂ ಹಂಗೇ. ರಾಮಾಯಣ ಮಧ್ಯೆ ಕಿಳ್ಳೇಕ್ಯಾತ ಬಂದು ಗೌಡನ ಬಡ್ಡಿ ಲೆಕ್ಕ, ಶಾನುಭೋಗನ ಕಂದಾಯ, ಗಂಡ ಹೆಂಡ್ತಿ ಜಗಳ ಎಲ್ಲ ಬಿಚ್ಚೋನು, ಗೌಡ ಮುಂದ್ಗಡೆ ಕೂತಿದ್ರೂ. ಸರ್ಕಾರದೋರು ನಮ್ಮನ್ನ ಕರೆದು ಕುಟುಂಬ ಯೋಜನೆ ಆಡಿಸಿದ್ರು, ಅಕ್ಷರ ಕಲೀರಿ ಅಂತ ಆಡಿಸಿದ್ರು. ಬಳ್ಳಾರಿ ಕಡೆ ಬೆಳಗಲ್ಲು ವೀರಣ್ಣೋರು ಸ್ವಾತಂತ್ರ್ಯ ಹೋರಾಟನೇ ಗೊಂಬೇಲಿ ಆಡಿಸಿದ್ರು, ಗಾಂಧಿ ಕೋಲು ಹಿಡ್ಕೊಂಡು ಪಂಚೆ ಮೇಲೆ ನಡೆದ. ನಿಮ್ಮಪ್ಪ ಪ್ಯಾನೆಲ್ ತೊಳೆಯೋದು ಧಾರಾಳವಾಗಿ ಕೊರಿ. ಆದ್ರೆ ಅದನ್ನ ಯಾರ ಬಾಯಲ್ಲಿ ಹೇಳಿಸ್ತೀಯ? ಗೊಂಬೆ ತಾನಾಗಿ ಮಾತಾಡಲ್ಲ ಕಣಮ್ಮ.

ಅದಕ್ಕೇ ಹೇಳೋದು, ನಿನ್ನ ಪೆಟ್ಟಿಗೇಲಿ ಇರೋದು ಅರ್ಧ ಆಟ. ಇನ್ನರ್ಧ ನಿಮ್ಮ ಅಜ್ಜಿ ಹತ್ರ ಐತೆ. ಪಂಚೆ ಹಿಂದೆ ತಾಳ ಹಿಡಿದು ಸೀತೆಗೆ, ಮಂಡೋದರಿಗೆ, ಬಂಗಾರಕ್ಕನಿಗೆ ದನಿ ಕೊಟ್ಟೋರು ನಮ್ಮ ಹೆಂಗಸ್ರೇ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ, ತೊಂಬತ್ತಾರರ ಮುದುಕಿ, 2025ರಲ್ಲಿ ಪದ್ಮಶ್ರೀ ಕೊಟ್ರಲ್ಲ, ಅವಮ್ಮನೂ ಹಾಡಿಕೊಂಡೇ ಆಡಿಸ್ದೋಳು. ಗಣಪತಿಗೆ ಒಂದು ಪದ, ರಾವಣ ಸಭೆಗೆ ಬರೋದಕ್ಕೆ ಒಂದು, ಮಳೆ ಬರ್ಲಿ ಅಂತ ಊರೋರು ವಿರಾಟಪರ್ವ ಆಡಿಸಿದ್ರೆ ಅದಕ್ಕೆ ಬೇರೆ. ಪದ ಎಷ್ಟು ಉದ್ದವೋ ಗೊಂಬೆ ಅಷ್ಟೊತ್ತು ಪಂಚೆ ಮೇಲಿರ್ಬೇಕು. ಪದ ಗೊತ್ತಿಲ್ದೋನು ಗೊಂಬೆ ಕೊರೆದ್ರೆ ಗೋಡೆಗೆ ನೇತಾಕೋಕೆ ಆಯ್ತದೆ, ಆಟಕ್ಕೆ ಆಗಲ್ಲ.

ಕೋಲಾರದ ಡ್ರಾಯಿಂಗ್ ಮೇಷ್ಟ್ರು

ಯಜಮಾನರ ಮಾತು ಓದಿ ಖುಷಿಯಾಯ್ತು. ಕೊನೇ ವಾಕ್ಯಕ್ಕೆ ಮಾತ್ರ ಸ್ವಲ್ಪ ತಕರಾರಿದೆ. ಗೋಡೆಗೆ ನೇತು ಹಾಕೋದು ಕೀಳು ಅನ್ನೋ ಹಾಗೆ ಕೇಳಿಸಿತು.

ಮಧ್ಯಪ್ರದೇಶದ ಪಾಟನ್‌ಗಢ ಅನ್ನೋ ಹಳ್ಳೀಲಿ ಜನಗಢ್ ಸಿಂಗ್ ಶ್ಯಾಮ್ ಅಂತ ಒಬ್ಬರಿದ್ದರು. ಪರ್ಧಾನ್ ಗೊಂಡರು. ಅವರ ಕುಲದವರ ಕಸುಬು ಚಿತ್ರ ಬರೆಯೋದಲ್ಲ, ಗೊಂಡ ಮನೆತನಗಳ ವಂಶದ ಕತೆ, ಅವರ ದೇವರು ಬಡಾದೇವನ ಕತೆ ಇವನ್ನು ಬಾನಾ ಎಂಬ ತಂತಿವಾದ್ಯ ನುಡಿಸುತ್ತ ಹಾಡೋದು. ಹಾಡಿಸುವವರು ಕಡಿಮೆಯಾದಂತೆ ಕೂಲಿಗೆ ಬಿದ್ದರು. ಈ ಹುಡುಗ ಮನೆ ಗೋಡೆ ಮೇಲೆ ಚಿತ್ರ ಬರೀತಿದ್ದ. 1980ರ ದಶಕದ ಶುರುವಿನಲ್ಲಿ ಭೋಪಾಲದ ಕಲಾಕೇಂದ್ರ ಭಾರತ ಭವನಕ್ಕಾಗಿ ಚಿತ್ರಕಾರ ಜೆ. ಸ್ವಾಮಿನಾಥನ್ ಕಳಿಸಿದ ತಂಡದ ಕಣ್ಣಿಗೆ ಅದು ಬಿತ್ತು. ಹಾಡಿನಲ್ಲಿ ಮಾತ್ರ ಇದ್ದ ದೇವರುಗಳಿಗೆ ಜನಗಢ್ ಕಾಗದದ ಮೇಲೆ ರೂಪ ಕೊಟ್ಟರು, ಚುಕ್ಕೆ ಚುಕ್ಕೆ ಇಟ್ಟು. 1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಅವರ ಚಿತ್ರ ಹೋಯಿತು. 2001ರಲ್ಲಿ ಜಪಾನಿನ ಒಂದು ಮ್ಯೂಸಿಯಮ್ಮಿಗೆ ಚಿತ್ರ ಬರೆಯಲು ಹೋದವರು ಅಲ್ಲೇ ತೀರಿಕೊಂಡರು, ನಲವತ್ತೂ ತುಂಬಿರಲಿಲ್ಲ. ಈಗ ಅವರ ನೆಂಟರಿಷ್ಟರೇ ಎಷ್ಟೋ ಜನ ಆ ಶೈಲಿಯಲ್ಲಿ ಬರೀತಾರೆ, ಆದರೆ ಪ್ರತಿಯೊಬ್ಬರ ಚುಕ್ಕೆ, ಗೀಟು ಬೇರೆ. ಕೆಳಗೆ ಸಹಿ ಇಲ್ಲದಿದ್ದರೂ ಬಲ್ಲವರು ಹೇಳಿಬಿಡ್ತಾರೆ ಇದು ಇಂಥವರದು ಅಂತ. ಹಾಡುವವರ ಮನೆತನ ಒಂದು ತಲೆಮಾರಿನಲ್ಲಿ ಚಿತ್ರಕಾರರ ಮನೆತನವಾಯಿತು. ಹಾಡು ಕಳೆದುಕೊಂಡರು ಅಂತ ಬೇಕಾದರೆ ಬೇಸರ ಪಡಬಹುದು. ನಾನು ಪಡ್ತೀನಿ ಕೂಡ. ಆದರೆ ಚಿತ್ರ ಸುಳ್ಳು ಅನ್ನಲಾರೆ.

ಮಗೂ, ನಿನ್ನ ಸೋಲಾರ್ ಪ್ರಶ್ನೆಗೂ ಅಲ್ಲೇ ಉತ್ತರ ಇದೆ. ಅದೇ ಊರಿನ ಭಜ್ಜು ಶ್ಯಾಮ್ ಒಂದು ಹೋಟೆಲ್ ಗೋಡೆಗೆ ಚಿತ್ರ ಬರೆಯೋಕೆ ಲಂಡನ್ನಿಗೆ ಹೋಗಿದ್ದರು. ವಾಪಸ್ ಬಂದು ಲಂಡನ್ನನ್ನು ಬರೆದಾಗ ನೆಲದಡಿಯ ರೈಲು ಎರೆಹುಳವಾಯಿತು, ದಿನಾ ಹತ್ತಿದ ಬಸ್ಸು ನಾಯಿಯಾಯಿತು, ದೊಡ್ಡ ಗಡಿಯಾರದ ಗೋಪುರದ ಜೊತೆ ಹೊತ್ತು ಸಾರುವ ಕೋಳಿ ಬಂತು. 2018ರಲ್ಲಿ ಪದ್ಮಶ್ರೀ ಬಂತು. ಅವರು ಲಂಡನ್ನನ್ನು ಇದ್ದ ಹಾಗೇ ಬರೆದು ಗೊಂಡ ಚುಕ್ಕೆ ತುಂಬಿಸಿದ್ದರೆ ನಾವ್ಯಾರೂ ತಿರುಗಿ ನೋಡ್ತಿರಲಿಲ್ಲ. ನೀನು ಪ್ಯಾನೆಲ್ಲನ್ನು ಫೋಟೋದಲ್ಲಿ ಇರೋ ಹಾಗೆ ಚೌಕ ಚೌಕ ಕೊರೆದರೆ ಅದು ತೊಗಲಿನ ಮೇಲೆ ಪೋಸ್ಟರು. ನಿಮ್ಮ ತಾತನ ಕಣ್ಣಿಗೆ ಆ ಹದಿಮೂರು ಸಾವಿರ ಎಕರೆ ಏನಾಗಿ ಕಾಣ್ತಿತ್ತು? ಪಂಚೆ ಹಿಂದೆ ದೀಪ ಇರಬೇಕಾದ ಜಾಗದಲ್ಲಿ ಸೂರ್ಯ, ಅವನ ಬೆಳಕನ್ನು ದಾಟೋಕೆ ಬಿಡದೆ ಕುಡಿಯೋ ಕಪ್ಪು ಗಾಜು. ತೂತೇ ಇಲ್ಲದ ಕಪ್ಪು ತೊಗಲು ಪರದೆ ಮೇಲೆ ಹೇಗೆ ಕಾಣುತ್ತೆ ಯೋಚನೆ ಮಾಡು. ನಾನು ಸುಮ್ಮನೆ ಹೇಳ್ತಿದ್ದೀನಿ, ಕೊರೆಯೋಳು ನೀನು.

ನಿಮ್ಮ ಲೆಕ್ಚರರ್ ಜೊತೆ ವಾದ ಬೇಡ. ಅಶೋಕವನದ ಮೇಲೆ ಟ್ರೇಸಿಂಗ್ ಹಾಳೆ ಇಡದೆ, ಬೆಳಕಿನ ಫೋಟೋ ಪ್ರಿಂಟ್ ಹಾಕಿಸಿ ಅದರ ಮೇಲೆ ಎಲ್ಲೆಲ್ಲಿ ತೊಗಲು ಉಳಿದಿದೆ, ಎಲ್ಲೆಲ್ಲಿ ಕೊರೆದಿದೆ ಅಂತ ಗುರುತು ಹಾಕಿ ತೋರಿಸು. ಸಂಯೋಜನೆ ಪಾಠಕ್ಕೆ ಅದಕ್ಕಿಂತ ಒಳ್ಳೇ ಉದಾಹರಣೆ ಅವರ ಹತ್ತಿರವೂ ಇರಲಿಕ್ಕಿಲ್ಲ. ಒಂದು ಕಾಲಕ್ಕೆ ತಮಟೆಯನ್ನೂ ಹೀಗೇ ಊರಾಚೆ ನಿಲ್ಲಿಸಿದ್ದರು. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ಅದೇ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಲ್ಲಿ ಎಷ್ಟು ಜನ ತಮ್ಮ ಅಭಿಪ್ರಾಯ ಬದಲಿಸಿಕೊಂಡರು ಅಂತ ನಾನೇ ನೋಡಿದ್ದೀನಿ.

ಮಧುಗಿರಿ ಬೊಂಬೆಯವ

ಮೇಷ್ಟ್ರೇ, ಗೋಡೆ ಕೀಳು ಅಂದಿಲ್ಲ. ನಂದೇ ಲ್ಯಾಂಪ್‌ಶೇಡ್ ನಾಲ್ಕು ಮನೆ ಗೋಡೇಲಿ ಅವೆ, ಅದರಿಂದಲೇ ಅಕ್ಕಿ ಬೇಳೆ. ಆದ್ರೆ ಆ ಗೊಂಡ ಹುಡುಗನ ಚಿತ್ರದೊಳಗೆ ಹಾಡಿತ್ತಲ್ಲ, ಅವನಿಗೆ ಹಾಡು ಗೊತ್ತಿತ್ತು. ನಾನು ಹೇಳಿದ್ದೂ ಅದೇ. ಈ ಮಗಿಗೆ ಇನ್ನೂ ಗೊತ್ತಿಲ್ಲ. ಕಪ್ಪು ತೊಗಲಿನ ಮಾತು ಮಾತ್ರ ಚೆನ್ನಾಗೈತೆ. ಪಂಚೆ ಮೇಲೆ ಅದು ಬಂದ್ರೆ ಜನ ಕೆಮ್ಮೋದೂ ನಿಲ್ಲಿಸ್ತಾರೆ.

ಪಾವಗಡದವಳು

ಮಾಮಾ, ನೀವು ಹೇಳಿದ ಹಾಗೆ ಪಂಚೆ ಕಟ್ಟಿದೆ. ಕೆಂಪು ಮಾಸಿಲ್ಲ. ನೆಲದ ಮೇಲೆ ಮಣ್ಣಿನ ಬಣ್ಣ ಅಂದುಕೊಂಡಿದ್ದು ಬೆಳಕಲ್ಲಿ ದಾಳಿಂಬೆ ಕೆಂಪು. ಅಶೋಕವನ ಹಿಡಿದಾಗ ಅಜ್ಜಿ ಕೂತಲ್ಲಿಂದಲೇ ಸೀತೆ ಪದ ಶುರು ಮಾಡಿದರು. ಪದ ಮುಗಿಯೋವರೆಗೂ ತಂಗಿಗೆ ಕೈ ಇಳಿಸೋಕೆ ಬಿಡಲಿಲ್ಲ, ಅವಳು ತೋಳು ನೋವು ಅಂತ ಈಗಲೂ ಬೈತಿದ್ದಾಳೆ. ಫೋನಲ್ಲಿ ರೆಕಾರ್ಡ್ ಮಾಡಿದ್ದೀನಿ. ನಡುವೆ ಎರಡು ಸಾಲು ತೆಲುಗಲ್ಲಿ ಬಂತು, ಯಾಕೆ ಅಂದರೆ ಅದು ಹಾಗೇ ಇರೋದು ಅಂದರು.

ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. ಮಾರೋ ಮಾತು ಎತ್ತಲಿಲ್ಲ. ಆದರೆ ಫೀಸಿಗೆ ಸೊಸೈಟಿ ಸಾಲ ತೆಗೀಬೇಕು ಅಂತ ಅಮ್ಮನ ಹತ್ತಿರ ಹೇಳ್ತಿದ್ದರು, ಹಾಗಾಗಿ ನನಗೆ ಈ ಲ್ಯಾಂಪ್‌ಶೇಡ್ ವಿಷಯಾನೂ ಬೇಕು. ಅದರಲ್ಲಿ ಸಂಪಾದನೆ ಆಗುತ್ತಾ? ಮೇಷ್ಟ್ರು ಹೇಳಿದ ಕಪ್ಪು ತೊಗಲಿಗೆ ಬಣ್ಣ ಯಾವುದು? ನಿಮ್ಮ ಹತ್ತಿರ ಕಲಿಯೋಕೆ ಬರಬಹುದಾ?

ಮಧುಗಿರಿ ಬೊಂಬೆಯವ

ಬಾ. ಸಂಕ್ರಾಂತಿ ಕಳೆದ ಮೇಲೆ ಬಾ, ಈಗ ಚಳಿಗೆ ತೊಗಲು ಬೇಗ ಒಣಗಲ್ಲ. ಅಜ್ಜೀನೂ ಕರ್ಕೊಂಡು ಬಾ, ನಮ್ಮನೇಲಿ ತಾಳ ಐತೆ, ಹಾರ್ಮೋನಿಯಂ ಐತೆ, ನುಡಿಸೋರಿಲ್ಲ.

ಲ್ಯಾಂಪ್‌ಶೇಡ್‌ನಲ್ಲಿ ಆಟಕ್ಕಿಂತ ಜಾಸ್ತಿ ದುಡ್ಡು ಐತೆ, ಆದ್ರೆ ಕೊಳ್ಳೋರು ಬೇಕು. ಗಡಿ ದಾಟಿ ಧರ್ಮಾವರದ ಹತ್ರ ನಿಮ್ಮಲಕುಂಟೆಗೆ ಒಂದ್ಸಲ ಹೋಗಿ ನೋಡ್ಕೊಂಡು ಬಾ. ಅಲ್ಲಿರೋರೂ ನಮ್ಮಂಗೆ ಮನೇಲಿ ಮರಾಠಿ ಆಡೋರೇ. ದಳವಾಯಿ ಚಲಪತಿರಾವ್ ಅಂತ ಹಿರೀಕರಿಗೆ 2020ರಲ್ಲಿ ಪದ್ಮಶ್ರೀ ಬಂತು. ಊರಲ್ಲಿ ಮನೆ ಮನೇಲೂ ಲ್ಯಾಂಪು, ಬಾಗಿಲ ಪಟ್ಟಿ, ಗೋಡೆ ಚಿತ್ರ ಮಾಡ್ತಾರೆ, ಹೆಂಗಸ್ರೇ ಜಾಸ್ತಿ ಕೊರೆಯೋದು. ರೇಟು ಹೆಂಗೆ, ಯಾರಿಗೆ ಕೊಡ್ತಾರೆ ಅಂತ ಅವರನ್ನ ಕೇಳು. ಕರಕುಶಲ ಇಲಾಖೆ ಗುರುತಿನ ಚೀಟಿ ಮಾಡಿಸ್ಕೊಂಡ್ರೆ ಸರ್ಕಾರದ ಮೇಳಗಳಲ್ಲಿ ಅಂಗಡಿ ಸಿಗ್ತದೆ, ಅದು ನಿನ್ನ ಹೆಸರಲ್ಲೇ ಮಾಡ್ಸು, ನಿಮ್ಮಪ್ಪನ ಹೆಸರಲ್ಲಿ ಬೇಡ, ಕೊರೆಯೋಳು ನೀನು.

ಕಪ್ಪಿಗೆ ದೀಪದ ಕಾಡಿಗೆ. ಹರಳೆಣ್ಣೆ ದೀಪದ ಮೇಲೆ ಮಣ್ಣಿನ ಮುಚ್ಚಳ ಬೋರಲಾಕಿ ಹಿಡಿದ್ರೆ ಬರ್ತದೆ, ಅಂಟಿನ ನೀರಲ್ಲಿ ಕಲಿಸ್ಕೊ. ಅಂಗಡಿ ಇಂಕಿನ ಕಪ್ಪು ಬೆಳಕಿಗೆ ಹಿಡಿದ್ರೆ ಎಷ್ಟೋ ಸಲ ನೇರಳೆ ತಿರುಗ್ತದೆ.

ಉಳಿ ನಾನು ಕೊಡ್ತೀನಿ. ತೊಗಲು ನೀನೇ ತರ್ಬೇಕು. ಮಾಂಸದ ಅಂಗಡಿಯೋನಿಗೆ ಒಂದಿನ ಮುಂಚೆ ಹೇಳಿಡು, ಸುಲಿಯುವಾಗ ಚಾಕು ತಗುಲಿ ಸೀಳ್ಬಾರ್ದು, ಅದೊಂದು ಕಟ್ಟುನಿಟ್ಟಾಗಿ ಹೇಳು. ಎರಡು ತಾ, ಮೊದಲ್ನೇದು ಹಾಳಾಗೋಕೆ. ಬಸ್ಸಲ್ಲಿ ಕಂಡಕ್ಟರ್ ಮೂಗು ಮುಚ್ಕೊಂಡ್ರೆ ಟಾಪ್ ಮೇಲೆ ಹಾಕ್ಸು. ಮಧುಗಿರಿ ಬಸ್ ಸ್ಟ್ಯಾಂಡಲ್ಲಿ ಇಳಿದು ಇಲ್ಲೇ ಮೆಸೇಜ್ ಹಾಕು, ಮೊಮ್ಮಗ ಗಾಡಿ ತರ್ತಾನೆ.